ನಿನ್ನ ರಕ್ತದ ಕಾವಲುಗಾರರು

ಹುಮನಾಬಾದ
12-9-2024, ಗುರುವಾರ

ಮಗಳು ಪೂನಂಗೆ,

ನಿನ್ನ ಅತ್ತೆ ಸುಂದರಬಾಯಿಯ ಜೈಭೀಮ. ನಿಮ್ಮ ಅವ್ವ-ಅಪ್ಪನಿಗೂ ತಿಳಿಸು. ನೀನು ಬಸವಕಲ್ಯಾಣಕ್ಕೆ ತವರಿಗೆ ಹೋಗಿ ಇಪ್ಪತ್ತು ದಿನವಾಯಿತು, ನಾನು ಈಗ ಬರೆಯುತ್ತಿದ್ದೇನೆ. ತಡವಾದದ್ದು ನನ್ನದೇ ತಪ್ಪು. ಫೋನಿನಲ್ಲಿ ನನ್ನ ದನಿ ಏರುತ್ತದೆ, ನೀನು ಇಟ್ಟುಬಿಡುತ್ತೀ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ ಇದು. ನಿನ್ನ ಕಣ್ಣಿನ ಮಬ್ಬು ಇನ್ನೂ ಪೂರಾ ಹೋಗಿಲ್ಲವೆಂದು ದೊಡ್ಡದಾಗಿ ಬರೆದಿದ್ದೇನೆ. ಯಾರ ಕೈಯಲ್ಲೂ ಓದಿಸಬೇಡ.

ಇಲ್ಲಿ ಖಾನಾವಳಿಗೆ ರೊಟ್ಟಿ ಕೊಡುವುದು ನಡೆದಿದೆ. ನಿನ್ನ ಜಾಗದಲ್ಲಿ ಪಕ್ಕದ ಮನೆಯ ಅನ್ವರಿ ಬಂದು ಕೂರುತ್ತಾಳೆ. ಹತ್ತು ರೊಟ್ಟಿಗೆ ಇಪ್ಪತ್ತು ಮಾತು. ನಿನ್ನೆ, "ಪೂನಂ ಯಾವಾಗ ಬರ್ತಾಳ ಮಾಯಿ?" ಎಂದಳು.

"ನಿನ್ನ ಬಾಯಿ ನಿಂತ ಮ್ಯಾಲೆ."

"ಹಂಗಾದ್ರ ಬರಂಗಿಲ್ಲ ಬಿಡ್ರಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ನಿನ್ನ ಕೈಯಲ್ಲಿ ರೊಟ್ಟಿ ಹರಿದಾಗ, "ತವರಾಗ ಕೂಳು ಉಂಡಿಲ್ಲೇನು, ಕೈಯಾಗ ಜೋರಿಲ್ಲ," ಎಂದು ನಾಲ್ಕು ಮಂದಿಯ ಮುಂದೆ ಅಂದವಳು ನಾನು. ಅದು ರೋಗವೆಂದು ಆಗ ಯಾರಿಗೆ ಗೊತ್ತಿತ್ತು?

ಸೋಮವಾರ ಮಗ ಸಂಘರತ್ನನನ್ನು ಕರೆದುಕೊಂಡು ಕಲಬುರಗಿಗೆ ಗೌಹರ ಡಾಕ್ಟರರ ಹತ್ತಿರ ಹೋಗಿದ್ದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ನೀವು ಗಂಡ-ಹೆಂಡತಿ ಹೇಳುತ್ತಿದ್ದಿರಿ, ನಾನು ತಲೆ ಆಡಿಸುತ್ತಿದ್ದೆ. ಅವತ್ತು ನೆಟ್ಟಗೆ ಕೇಳಿದೆ: "ಆಕಿ ಮೈಯಾಗ ಏನ್ ಕಡಿಮಿ ಆಗ್ಯದ್ರಿ?"

"ಕಡಿಮಿ ಏನಿಲ್ಲ ಮಾಯಿ. ರಕ್ತದಾಗಿನ ಬಿಳಿ ಕಣ ನಮ್ಮನ್ನ ಕಾಯಾವು. ಆಕೀವು ಮಿದುಳಿಗೆ ಹೋಗಿ ನರದ ಮ್ಯಾಲಿನ ಹೊದಿಕಿನೇ ವೈರಿ ಅಂತ ತಿಳ್ಕೊಂಡು ಹರೀತಾವ. ಒಂದು ತರದ ಕಣ ಗುರ್ತು ತೋರಸ್ತಾವ, ಇನ್ನೊಂದು ತರದ್ದು ಹೊಡೀತಾವ."

"ನಡುವ ಬಂದು ಜಗಳ ಬಿಡಸಾವು ಯಾವೂ ಇಲ್ಲೇನ್ರಿ?"

"ಅದಾವ. ಅವುಗೋಳ ಮಾತು ನಡಿಯಾಂಗಿಲ್ಲ."

ನಾನು ನಿನ್ನ ಗಂಡನ ಮುಖ ನೋಡಿದೆ. ಅವನು ನೆಲ ನೋಡಿದ. ಮನೆಯಲ್ಲಿ ನಾನು ನಿನ್ನನ್ನು ಬೈಯುವಾಗಲೂ ಹೀಗೆಯೇ ನೋಡುತ್ತಿದ್ದ.

ದಿನಾ ತಪ್ಪದೆ ಗುಳಿಗೆ ನುಂಗಿದರೂ ಆಗಸ್ಟಿನಲ್ಲಿ ಕಾಲು, ಕಣ್ಣು ಎರಡೂ ಹೋದವು, ಇನ್ನು ಯಾವ ಔಷಧವೂ ಬೇಡ ಎಂದು ನೀನು ಹಟ ಹಿಡಿದಿದ್ದೀಯಂತೆ. ಮಂಗಳವಾರ ಡಾಕ್ಟರರು ಕರೆದಿದ್ದಾರೆ. ಹೋಗದಿದ್ದರೆ ಬಸ್ಸು ಹತ್ತಿ ಬಂದು ಎಳೆದುಕೊಂಡು ಹೋಗುತ್ತೇನೆ ಎಂದು ಮೊದಲು ಬರೆದಿದ್ದೆ, ಆ ಹಾಳೆ ಹರಿದು ಹಾಕಿದೆ. ನಿನಗಿನ್ನೂ ಇಪ್ಪತ್ತೇಳು ವರ್ಷ. ಹೋಗವ್ವ.

ನಿನ್ನ ಕಣ್ಣು ತಿಳಿಯಾಗಲಿ, ನಿನ್ನ ಕಾಲು ನಿನ್ನ ಮಾತು ಕೇಳಲಿ.

ನಿನ್ನ ಅತ್ತೆ,
ಸುಂದರಬಾಯಿ

ತಾ.ಕ.: ಮಡಚಿದ ಪತ್ರ ಮತ್ತೆ ಬಿಡಿಸಿದ್ದೇನೆ. ಮಳೆಗಾಲದಲ್ಲಿ ನಿನ್ನ ಕೆಮ್ಮು ನಿಲ್ಲಲೇ ಇಲ್ಲ. ಔಷಧ ಅಂಗಡಿಯವನಿಗೆ ನಿನ್ನ ಗುಳಿಗೆ ತೋರಿಸಿ ಕೇಳಿದರೆ, "ಈ ಗುಳಿಗಿ ರೋಗ ತಡಿಯೂ ತಾಕತ್ತ ಕಡಿಮಿ ಮಾಡ್ತದ್ರಿ," ಎಂದ. ಕರೋನಾದಲ್ಲಿ ಅದೇ ತಾಕತ್ತಿಗೆಂದು ಮನೆಮಂದಿಗೆಲ್ಲ ಅಮೃತಬಳ್ಳಿಯ ಕಷಾಯ ಕುಡಿಸಿದವಳು ನಾನು. ತಾಕತ್ತು ತಿನ್ನುವುದನ್ನು ನನ್ನ ಕೈಯಿಂದ ಹೇಗೆ ಕೊಡಲಿ ಎಂದು ಎರಡು ತಿಂಗಳು ಆ ಗುಳಿಗೆ ಬಚ್ಚಿಟ್ಟು, ಬದಲಿಗೆ ಶಕ್ತಿಯ ಗುಳಿಗೆ ಕೊಟ್ಟೆ. ನಾನು ಕೊಟ್ಟದ್ದೆಂದು ನೀನು ನೋಡದೆ ನುಂಗಿದೆ.

ಸೋಮವಾರ ಮಗನ ಮುಂದೆ ಇದನ್ನು ಹೇಳಲು ಬಾಯಿ ಬರಲಿಲ್ಲ. ನಿನ್ನೆ ಡಾಕ್ಟರರಿಗೆ ಫೋನ್ ಮಾಡಿ ಹೇಳಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. "ಆ ಗುಳಿಗಿ ಬಿಳಿ ಕಣಗೋಳನ್ನ ಕುತ್ತಿಗಿ, ಕಂಕಳದ ಗಂಟಿನಾಗ ಕೂಡಿ ಹಾಕಿರ್ತದ ಮಾಯಿ. ಗುಳಿಗಿ ಬಿಟ್ರ ಒಮ್ಮಿಗೇ ಹೊರಗ ಬಿದ್ದು ಮಿದುಳಿಗೆ ನುಗ್ತಾವ. ಪೂನಂಗ ನೀವೇ ಹೇಳ್ರಿ," ಎಂದರು.

ಔಷಧ ಸೋತಿಲ್ಲ ಪೂನಂ, ಅದು ನಿನ್ನ ಹೊಟ್ಟೆಗೇ ಹೋಗಿಲ್ಲ. ಸಂಘರತ್ನನಿಗೆ ಹೇಳುವುದು ಬಿಡುವುದು ನಿನ್ನದು. ನನ್ನ ಮುಖ ನೋಡಬಾರದೆನಿಸಿದರೆ ನೋಡಬೇಡ. ಮಂಗಳವಾರ ಹೋಗು. ಇನ್ನು ಮೇಲೆ ಯಾರ ಕೈಯಿಂದಲೂ ಗುಳಿಗೆ ತೆಗೆದುಕೊಳ್ಳಬೇಡ, ನೀನೇ ಬಿಡಿಸಿ ನುಂಗು.