ಅರವತ್ತು ದಿನದ ಬೆವರು

ಗುಮಾಕಾ
ಆಗಸ್ಟ್ 11, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮನಿಲಾದ ಆ ಲಾಡ್ಜಿನಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯೇ? ಮೊಣಕಾಲು ಹೇಗಿದೆ? ಇಲ್ಲಿ ಅಮ್ಮ ಕ್ಷೇಮ, ನಾನು ಕ್ಷೇಮ, ನಮ್ಮ ಹಂದಿ ಸೆನ್ಯೋರಾ ಎಲ್ಲರಿಗಿಂತ ಹೆಚ್ಚು ಕ್ಷೇಮ. ಈ ಕಾಗದವನ್ನು ರಜೆ ಮುಗಿಸಿ ಹಡಗಿನ ಕೆಲಸಕ್ಕೆ ಮರಳುತ್ತಿರುವ ಎಲ್ಮೆರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ, ಮನಿಲಾಕ್ಕೆ ಹೋಗುವ ಹತ್ತು ಗಂಟೆಯ ಬಸ್ಸಿಗೆ ಹೊರಟು ನಿಂತಿದ್ದಾನೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕಿವಿ ಇಟ್ಟುಕೊಂಡು ಕೂತಿರುತ್ತಾಳೆ. ಮೆಸೇಜು ಹಾಕಿದರೆ, ನನ್ನ ತಮಾಷೆಗಳ ಪೂರ್ವಚರಿತ್ರೆ ಬಲ್ಲ ನೀವು ನಕ್ಕು ಸುಮ್ಮನಾಗುತ್ತೀರಿ. ಈ ಸಲ ದಯವಿಟ್ಟು ನಗಬೇಡಿ.

ನಮ್ಮ ಮನೆಯ ಕ್ಯಾಲೊರಿ ಇಲಾಖೆಯ ಮುಖ್ಯಾಧಿಕಾರಿಣಿಯಾದ ನಾನು ತಮ್ಮ ಅವಗಾಹನೆಗೆ ತರುವುದೇನೆಂದರೆ: ಹಡಗಿನ ಅಡುಗೆಯವರು ಎಂಬತ್ತೈದು ಕಿಲೋ ದಾಟಿರಬಾರದೆಂದು ಹಡಗಿಗೆ ಆಳು ಕಳಿಸುವ ನಿಮ್ಮ ಆಫೀಸಿನವರು ತೂಕ ನೋಡಿ ಹೇಳಿದಾಗ ನೀವು ತೊಂಬತ್ತಿದ್ದಿರಿ. ಮನೆಯಲ್ಲಿ ತಕ್ಕಡಿ ಇಲ್ಲ. ಬೀದಿಯಲ್ಲಿರುವುದು ಮಾಂಗ್ ಸೆಲೋ ಮಾಮನ ಕೊಬ್ಬರಿ ತೂಗುವ ತಕ್ಕಡಿ ಒಂದೇ. ಅದರ ಹತ್ತಿರ ಹೋದ ದಿನವೇ ಅವನು, "ಯಾವ ತೋಟದ ಕೊಬ್ಬರಿ ಮಾರಾಯಾ ಇದು, ಒಳ್ಳೆ ಎಣ್ಣೆ ಬರೋ ಹಾಗಿದೆ" ಅಂದುಬಿಟ್ಟ. ಆಮೇಲೆ ನೀವು ಆ ಕಡೆ ತಲೆ ಹಾಕಲಿಲ್ಲ. ಹಾಗಾಗಿ ಎಲ್ಲ ಭಾರವೂ ನನ್ನ ಫೋನಿನ ಮೇಲೆ ಬಿತ್ತು. ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಅಡುಗೆಮನೆಯ ಮೆಟ್ಟಿಲನ್ನು ಮುಕ್ಕಾಲು ಗಂಟೆ ಹತ್ತಿ ಇಳಿಯುವುದು ನಿಮ್ಮ ಕೆಲಸ, ನಿಮ್ಮ ತೂಕದ ಮೇಲೆ ಫೋನು ಲೆಕ್ಕ ಹಾಕಿ ಹೇಳಿದ ಕ್ಯಾಲೊರಿ ಅಂಕಿಯನ್ನು ನೋಟುಬುಕ್ಕಿಗೆ ಏರಿಸುವುದು ನನ್ನ ಕೆಲಸ. ಏಳು ಸಾವಿರದ ಏಳುನೂರು ಸುಟ್ಟರೆ ಒಂದು ಕಿಲೋ ಇಳಿದಂತೆ. ಮೊದಲ ದಿನ ನಾನೂರು ಬಂತು, ನೀವು ಸಪ್ಪಗಾಗಿ, "ಇಷ್ಟೇನಾ?" ಅಂದಿರಿ. ಮಾರನೆಯ ದಿನ ಆರುನೂರು. ಅವತ್ತಿನಿಂದ ಪ್ರತಿದಿನ ಬೆವರು ಒರೆಸುತ್ತಾ ಒಂದೇ ಮಾತು: "ಆರುನೂರು ಸುಟ್ಟಿದ್ದೀನಿ ಕಣೇ, ಇನ್ನೊಂದು ತಟ್ಟೆ ಅನ್ನ ಹಾಕು." ಅಮ್ಮನೂ ಹಾಕಿದಳು. ಅರವತ್ತು ದಿನಕ್ಕೆ ಹೆಚ್ಚುಕಡಿಮೆ ಐದು ಕಿಲೋ ಇಳಿಯಿತೆಂದು ನೋಟುಬುಕ್ಕು ಹೇಳಿತು, ನೀವು ನಂಬಿ ಬಸ್ಸು ಹತ್ತಿದಿರಿ.

ಈಗ ಇಲಾಖೆಯ ವಿನಂತಿ. ಗುರುವಾರದ ವೈದ್ಯಕೀಯ ಪರೀಕ್ಷೆಗೆ ಹೋಗಬೇಡಿ. ನಾಳೆಯೇ ಆಫೀಸಿಗೆ ಹೋಗಿ ಮೊಣಕಾಲು ನೋವೆಂದು ಹೇಳಿ ಒಂದು ತಿಂಗಳು ಮುಂದಕ್ಕೆ ಹಾಕಿಸಿ. ನೋವಂತೂ ಸುಳ್ಳಲ್ಲ. ಎಲ್ಮೆರಣ್ಣನನ್ನು ಕೇಳಿದೆ: ಮೊದಲೇ ಕೇಳಿಕೊಂಡರೆ ಬೇರೆ ಹಡಗು ಸಿಗುತ್ತದಂತೆ, ತಕ್ಕಡಿಯ ಮೇಲೆ ನಿಂತು ಸೋತರೆ ನಾವಿಕರ ಪುಸ್ತಕದಲ್ಲಿ 'ಅನರ್ಹ' ಅಂತ ಮುದ್ರೆ ಬೀಳುತ್ತದಂತೆ, ಆಮೇಲೆ ಯಾವ ಹಡಗಿನವರೂ ಕರೆಯುವುದಿಲ್ಲವಂತೆ. ಅಮ್ಮ ನಿಮ್ಮ ಬಿಳಿ ಟೊಪ್ಪಿಗೆಗೆ ಗಂಜಿ ಹಾಕಿ ಹಗ್ಗದ ಮೇಲೆ ಒಣಗಿಸಿದ್ದಾಳೆ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ನೋಡುತ್ತಾಳೆ. ನನಗೆ ಆ ಕಡೆ ನೋಡಲಾಗುತ್ತಿಲ್ಲ.

ಆಶೀರ್ವಾದಕ್ಕಾಗಿ ನಿಮ್ಮ ಕೈಯನ್ನು ನನ್ನ ಹಣೆಗೆ ಒತ್ತಿಕೊಂಡು,
ನಿಮ್ಮ ಮಗಳು
ಅರ್ಲೀನ್
(ಮುಖ್ಯಾಧಿಕಾರಿಣಿ, ಇವತ್ತಿನಿಂದ ಮಾಜಿ)

ಮರೆತಿದ್ದು: ಎಲ್ಮೆರಣ್ಣ ಗೇಟಿನಿಂದ ಕೂಗುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಮೊದಲ ದಿನ ನೀವು ಸಪ್ಪಗಾದಿರಲ್ಲ, ಮಾರನೆಯ ದಿನ ತಮಾಷೆಗೆಂದು ಫೋನಿನಲ್ಲಿ ನಿಮ್ಮ ತೂಕ ಅಳಿಸಿ ಸೆನ್ಯೋರಾಳದ್ದು ಬರೆದೆ. ನೂರ ಮೂವತ್ತೈದು. ಆಮೇಲೆ ಹೇಳಿ ನಗೋಣವೆಂದಿದ್ದೆ. ಆರುನೂರು ನೋಡಿ ನಿಮ್ಮ ಮುಖ ಅರಳಿತು, ನನಗೆ ಬಾಯಿ ಬರಲಿಲ್ಲ. ನಿನ್ನೆ ಸರಿಯಾದ ತೂಕ ಹಾಕಿ, ಆ ಎರಡನೆಯ ತಟ್ಟೆ ಅನ್ನವನ್ನೂ ಕಳೆದು ನೋಡಿದೆ. ಇಳಿದಿರುವುದು ಒಂದೂವರೆ ಕಿಲೋ, ಅಪ್ಪಾ. ನಂಬಿಕೆ ಬರದಿದ್ದರೆ ಬೆಲ್ಟು ನೋಡಿಕೊಳ್ಳಿ. ಹೊರಟ ದಿನವೂ ಅದೇ ತೂತಿನಲ್ಲಿತ್ತು. ನಾನು ಅವತ್ತೇ ನೋಡಿದ್ದೆ.