ಫಿಲಿಪೀನ್ಸ್ ಸಿನಿಮಾದ ಹುಡುಗಿ

ತಂಗಿ ರಕ್ಷಾಳಿಗೆ,

ಹೆಬ್ಬಾಳಕ್ಕೆ ಬಂದು ತಿಂಗಳಾದರೂ ಆಫೀಸಿನ ಆಚೆ ನನಗೆ ಮಾತಾಡುವವರಿಲ್ಲ. ಭಾನುವಾರ ಕೋಣೆಯಲ್ಲಿ ಕೂರಲಾಗದೆ ಆರ್.ಟಿ. ನಗರದಲ್ಲಿ ಫಿಲಿಪೀನ್ಸ್ ದೇಶದ ಸಿನಿಮಾ ತೋರಿಸುತ್ತಿದ್ದ ಸಭಾಂಗಣಕ್ಕೆ ಹೋದೆ. ಅದರಲ್ಲಿ ನಿನ್ನದೇ ವಯಸ್ಸಿನ ಹುಡುಗಿ ಬಸುರಿಯಾಗುತ್ತಾಳೆ. ಚರ್ಚಿನ ಮುಂದೆ ಮೇಣದಬತ್ತಿಗಳ ಪಕ್ಕದಲ್ಲೇ ಮಾರುವ, ಬಸಿರು ಇಳಿಸುವ ಕಹಿ ಕಷಾಯ ತಂದು ಕುಡಿದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನರಳುತ್ತಾಳೆ. ಗೋಡೆಯಾಚೆ ತಾಯಿ ಅಡುಗೆ ಮಾಡುತ್ತಿರುತ್ತಾಳೆ. ಮರುದಿನ ಹುಡುಗಿ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ.

ಕಸ ಗುಡಿಸಲು ಬಂದಿದ್ದ ದ್ರೌಪದಮ್ಮ ಎಂಬವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಆ ಮಗೀಗೆ ತಾಯಿ ಇಲ್ವೇನವ್ವಾ?" ಎಂದರು.

"ಇದಾರೆ ಅಮ್ಮ. ಬೈತಾರೆ ಅಂತ ಹೇಳಿಲ್ಲ."

"ಎಂಗೆ ತಡ್ಕೊಂಡ್ಲೋ, ಒಬ್ಳೇ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಅತ್ತೆ.

ಹೋದ ವಾರ ನನಗೆ ಬಂದಿದ್ದ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ರಕ್ಷಾ, ನಿನಗೆ ಎಂಥ ಕಷ್ಟ ಬಂದರೂ ಮನೆಯಲ್ಲಿ ಹೇಳು, ಇಲ್ಲವೇ ನನಗೆ ಹೇಳು. ನಾನು ಬೈಯುವುದಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಂಚೆ ಕಾರ್ಡು ಬಂದರೆ ಅಪ್ಪ ಮೊದಲು ಓದುತ್ತಾರೆ, ಅವ್ವನಿಗೂ ಓದಿ ಹೇಳುತ್ತಾರೆ. ಅವರಿಬ್ಬರಿಗೂ ತಿಳಿಯಲಿ ಎಂದೇ ಬರೆದಿದ್ದೇನೆ.

ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೆ, ಬಸ್ಸು ಬಂತು.

ನಿನ್ನ ಅಕ್ಕ,
ಭಾಗ್ಯಶ್ರೀ