ತೀರ್ಥಕ್ಕೆ ಬೆರೆಸಿದ ಮಾತ್ರೆ

ಅವ್ವಾ,

ನೀನು ತಮ್ಮನನ್ನೂ ಕರೆದುಕೊಂಡು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಾನು ಹಿಡಿಯಬೇಕಾದ ಮಧುಗಿರಿ ಬಸ್ಸು ಹೋಗಿಬಿಡುತ್ತೆ. ಫೋನಿನಲ್ಲಿ ಹೇಳಿದರೆ ಭೂಷಣನ ಎದುರೇ ಕೂಗಾಡುತ್ತೀಯ. ಅದಕ್ಕೇ ಬರೆದು, ಮೊದಲು ಕಣ್ಣಿಗೆ ಬೀಳಲಿ ಅಂತ ತೀರ್ಥದ ಬಟ್ಟಲಲ್ಲೇ ಇಟ್ಟಿದ್ದೇನೆ.

ಪೂಜೆ ಆದಮೇಲೆ ಅವನಿಗೆ ಬರೀ ತೀರ್ಥ ಕೊಡು. ಮಾತ್ರೆ ಅರೆದು ಬೆರೆಸಬೇಡ. ಕಲ್ಲಿನ ಮೇಲೆ ಬಿಳಿ ಪುಡಿ ನೋಡಿದೆ. ವಿಭೂತಿ ಅಂತ ಸುಳ್ಳು ಹೇಳಬೇಡ.

ಅಂಗೈಯಲ್ಲಿ ಲಿಂಗ ಇಟ್ಟುಕೊಂಡವನು ಪೂಜೆ ಅರ್ಧಕ್ಕೇ ಎದ್ದು ಅಂಗಳ ಸುತ್ತುವುದು, ಸುಮ್ಮಸುಮ್ಮನೆ ರೇಗುವುದು, ಆಮೇಲೆ ಅಳುವುದು, ಇದೆಲ್ಲ ಆ ಮನಸ್ಸಿನ ಕಾಯಿಲೆ ಮರಳಿದ್ದಲ್ಲ. ಆ ಮಾತ್ರೆಯೇ ಹಾಗೆ ಮಾಡುತ್ತಿದೆ ಅಂತ ಡಾಕ್ಟರು ನಿನ್ನೆ ಹೇಳಿದರು. ‘ಮತ್ತೆ ಶುರುವಾಯ್ತು ಕಣಮ್ಮ’ ಅಂತ ನೀನು ಹೆಚ್ಚಿಗೆ ಕೊಟ್ಟಷ್ಟೂ ಅವನ ಸಂಕಟ ಹೆಚ್ಚುತ್ತಿದೆ. ಹಾಗಂತ ರಾತ್ರಿ ಕೊಡುವ ಅದೇ ಒಂದು ಮಾತ್ರೆ ನಿಲ್ಲಿಸಿಬಿಡಬೇಡ. ಡಾಕ್ಟರು ಬರೆದುಕೊಟ್ಟಿದ್ದು ಅಷ್ಟೇ.

ನಾನು ಆಸ್ಪತ್ರೆಯಲ್ಲಿ ಸರದಿ ಹಿಡಿದಿರುತ್ತೇನೆ. ತಿಂಡಿ ಆದ ಕೂಡಲೇ ಅವನನ್ನು ಕರೆದುಕೊಂಡು ಬಾ. ಬಸ್ಸಿನಲ್ಲಿ ಕೂರಲಾರದೆ ಎದ್ದು ನಿಂತರೆ ನಿಂತಿರಲಿ, ಗದರಬೇಡ. ಅಲ್ಲಿಯವರೆಗೆ ಒಬ್ಬನನ್ನೇ ಎಲ್ಲೂ ಬಿಡಬೇಡ. ಚರ್ಮ ಬಿಚ್ಚಿ ಎಸೆಯೋಣ ಅನ್ನಿಸುತ್ತಂತೆ ಅವನಿಗೆ.

ಅವನಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೀಯ ನೀನು. ತೀರ್ಥ ಕಹಿ ಇರಲ್ವೇನೋ ಅಂತ ರಾತ್ರಿ ಕೇಳಿದೆ.

“ಕಹಿ ಐತೆ ಅಕ್ಕ. ಅವ್ವ ಹಾಕ್ತಾಳೆ ಅಂತ ನಂಗೊತ್ತು. ಕುಡೀದಿದ್ರೆ ಅವ್ಳು ಅಳ್ತಾಳೆ, ಅದ್ಕೇ ಕುಡ್ದ್‌ಬುಡ್ತೀನಿ” ಅಂದ.

ಲೋಹಿತಾ